ಚಿತ್ರವೋ ಸಂಗೀತವೋ: ಒಂಬತ್ತನೇ ತರಗತಿಗೆ ಮುನ್ನ

ಓದುಗರ ಪ್ರಶ್ನೆಗಳಿಗೆ ಈ ಸಲ ಚಿತ್ರಕಲೆ ಮತ್ತು ಸಂಗೀತ ಶಿಕ್ಷಕರ ಉತ್ತರ

ಪ್ರಶ್ನೆ: ಮಗಳು ಸಿಬಿಎಸ್‌ಇ ಶಾಲೆಯಲ್ಲಿ 8ನೇ ತರಗತಿ ಮುಗಿಸುತ್ತಿದ್ದಾಳೆ. ಮುಂದಿನ ವರ್ಷ ಹೆಚ್ಚುವರಿ ವಿಷಯವಾಗಿ ಚಿತ್ರಕಲೆ ಅಥವಾ ಹಿಂದೂಸ್ತಾನಿ ಗಾಯನ, ಎರಡರಲ್ಲಿ ಒಂದನ್ನು ತೆಗೆದುಕೊಳ್ಳಬಹುದು ಎಂದಿದ್ದಾರೆ. ಚಿಕ್ಕಂದಿನಿಂದ ಭಜನೆ ಹಾಡುತ್ತಾಳೆ, ಬಹುಮಾನವೂ ಬಂದಿದೆ. ಪುಸ್ತಕದ ಅಂಚಿನಲ್ಲೆಲ್ಲ ಚಿತ್ರ ಗೀಚುತ್ತಾಳೆ. ಕೇಳಿದರೆ ‘ಎರಡೂ ಇಷ್ಟ’ ಎನ್ನುತ್ತಾಳೆ. ಅಜ್ಜಿಗೆ ಮೊಮ್ಮಗಳು ಸಂಗೀತವನ್ನೇ ಓದಲಿ ಎಂಬ ಆಸೆ. ಹೇಗೆ ತೀರ್ಮಾನಿಸಲಿ? – ಒಬ್ಬ ತಾಯಿ, ಶಿರಸಿ

ಉತ್ತರ: ಬಹುಮಾನವನ್ನೂ ಅಜ್ಜಿಯ ಆಸೆಯನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ಭಜನೆಯನ್ನು ಮಗು ಕೇಳಿ ಕಲಿತು ಹಾಗೆಯೇ ಹಾಡುತ್ತದೆ. ಶಾಲೆಯ ವಿಷಯವಾಗಿ ಬಂದ ಗಾಯನದಲ್ಲಿ ರಾಗವನ್ನು ಬಿಡಿಸಿ ಹಾಡಬೇಕು, ತಾಳವನ್ನು ಕೈಯಲ್ಲಿ ಠಾಯ್ (ಮೂಲ ವೇಗ) ಮತ್ತು ದುಗುನ್‌ನಲ್ಲಿ (ಎರಡು ಪಟ್ಟು ವೇಗ) ತೋರಿಸಬೇಕು, ಸ್ವರಲಿಪಿ ಬರೆಯಬೇಕು. ಹಾಗೆಯೇ ಅಂಚಿನಲ್ಲಿ ಗೀಚುವುದಕ್ಕೂ ಎದುರಿಗಿಟ್ಟ ವಸ್ತುವನ್ನು ನೋಡಿ ಅಳತೆಗೆ ಸರಿಯಾಗಿ ಬರೆಯುವುದಕ್ಕೂ ಬಹಳ ದೂರ. ಸಿಬಿಎಸ್‌ಇಯಲ್ಲಿ ಎರಡೂ ವಿಷಯಕ್ಕೆ ಲಿಖಿತ 30, ಪ್ರಾಯೋಗಿಕ 70 ಅಂಕ. ಚಿತ್ರಕಲೆಯ 70ರಲ್ಲಿ ವರ್ಷವಿಡೀ ಮಾಡಿದ ಚಿತ್ರಗಳ ಪೋರ್ಟ್‌ಫೋಲಿಯೊ ಕೂಡ ಸೇರಿದೆ. 9 ಮತ್ತು 10 ಸೇರಿ ಎರಡು ವರ್ಷದ ಓದು ಇದು, ನಡುವೆ ಬದಲಿಸುವುದು ಕಷ್ಟ. ಆದ್ದರಿಂದ ಮಗಳಿಗೆ ಯಾವುದು ಇಷ್ಟ ಎನ್ನುವುದಕ್ಕಿಂತ, ಯಾವುದರ ದಿನನಿತ್ಯದ ಬೇಸರದ ಕೆಲಸವನ್ನು ಅವಳು ಹೇಳಿಸಿಕೊಳ್ಳದೆ ಮಾಡುತ್ತಾಳೆ ಎನ್ನುವುದು ಗೊತ್ತಾಗಬೇಕು.

ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಇಟ್ಟುಕೊಳ್ಳಿ. ಒಂದು ದಿನ ಚಿತ್ರ, ಮರುದಿನ ಸಂಗೀತ, ದಿನಕ್ಕೆ 40 ನಿಮಿಷ. ಮೊದಲೆರಡು ವಾರ ಒಂದು, ಆಮೇಲೆ ಇನ್ನೊಂದು ಎಂದು ಮಾಡಬೇಡಿ. ಹೊಸದರ ಹುರುಪು ಎರಡನೆಯದರ ಪಾಲಾಗುತ್ತದೆ.

ಚಿತ್ರದ ದಿನ ಹಳೆಯ, ಹೊಳಪು ಹೋದ ತಾಮ್ರದ ತಂಬಿಗೆ, ಪಕ್ಕದಲ್ಲಿ ಎರಡು ಲಿಂಬೆಹಣ್ಣು ಸಾಕು. ಫಳಫಳ ಹೊಳೆಯುವ ಸ್ಟೀಲ್ ಪಾತ್ರೆ ಬೇಡ, ಅದರ ಪ್ರತಿಬಿಂಬದಲ್ಲೇ ಮಕ್ಕಳು ಕಳೆದುಹೋಗುತ್ತಾರೆ. ಒಂದೇ ಕಿಟಕಿಯಿಂದ ಬೆಳಕು ಬರಲಿ, ದೀಪ ಆರಿಸಿ. ಎಚ್‌ಬಿ, 2ಬಿ, 4ಬಿ ಪೆನ್ಸಿಲ್, ಸಾಧಾರಣ ಡ್ರಾಯಿಂಗ್ ಹಾಳೆ ಇದ್ದರಾಯಿತು. ಮೊದಲ ಮೂರು ಸಲ ಅದೇ ತಂಬಿಗೆ, ಅದೇ ಜಾಗ.

ತಪ್ಪು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಕಾಣುತ್ತದೆ. ತಂಬಿಗೆಯ ಬಾಯಿಯನ್ನು ಪೂರ್ತಿ ದುಂಡಗೆ ಬರೆದು ತಳವನ್ನು ನೇರ ಗೆರೆಯಲ್ಲಿ ಕತ್ತರಿಸಿಬಿಡುತ್ತಾರೆ. ಬಾಯಿ ದುಂಡಗಿದೆ, ತಳ ಮೇಜಿನ ಮೇಲೆ ಸಮವಾಗಿ ಕೂತಿದೆ ಎಂದು ಅವರಿಗೆ ಗೊತ್ತು. ಆ ಗೊತ್ತಿದ್ದದ್ದನ್ನೇ ಕೈ ಬರೆಯುತ್ತದೆ, ಕಂಡದ್ದನ್ನಲ್ಲ. ಕೂತು ನೋಡಿದಾಗ ಬಾಯಿ ಕಣ್ಣಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಚಪ್ಪಟೆ ಅಂಡಾಕಾರವಾಗಿ ಕಾಣಬೇಕು. ತಳ ಕಣ್ಣಿಗಿಂತ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಗಿಂತ ಹೆಚ್ಚು ತುಂಬಿಕೊಂಡಿರಬೇಕು. ಇದನ್ನು ಒಮ್ಮೆ ಮಾತ್ರ ಹೇಳಿ. ಮೊಣಕೈ ಮಡಚದೆ ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸುತ್ತ ತಂಬಿಗೆಯ ಅಗಲ ಎತ್ತರದಲ್ಲಿ ಎಷ್ಟು ಪಾಲು ಎಂದು ಅಳೆಯುವುದನ್ನೂ ತೋರಿಸಿ. ಆಮೇಲೆ ಸುಮ್ಮನಿರಿ. ಮೂರನೆಯ ಚಿತ್ರದಲ್ಲಿ ಅವಳಾಗಿಯೇ ಕೈ ಚಾಚಿ ಅಳೆದು, ಬರೆದದ್ದನ್ನು ಒರೆಸಿ ತಿದ್ದುತ್ತಾಳೋ, ಇಲ್ಲ ತಪ್ಪು ಗೆರೆಯ ಮೇಲೆಯೇ ಬೆರಳಿನಿಂದ ಶೇಡ್ ಉಜ್ಜಿ ಮುಚ್ಚುತ್ತಾಳೋ ನೋಡಿ. ನಮಗೆ ಬೇಕಾದ ಉತ್ತರ ಅಲ್ಲಿದೆ.

ಸಂಗೀತದ ದಿನ ಭೂಪ ರಾಗ ತೆಗೆದುಕೊಳ್ಳಿ: ಸ ರಿ ಗ ಪ ದ, ಐದೇ ಸ್ವರ. ಹುಡುಗಿಯರಿಗೆ ಸಾಮಾನ್ಯವಾಗಿ ಹಾರ್ಮೋನಿಯಂನ ಕಪ್ಪು 4 ಅಥವಾ 5ನೇ ಮನೆಯ ಶ್ರುತಿ ಹೊಂದುತ್ತದೆ, ಮೊಬೈಲಿನ ತಾನ್ಪುರ ಸಾಕು. ಮೊದಲ ಹತ್ತು ನಿಮಿಷ ಬರೀ ಸ ಮತ್ತು ಮಂದ್ರದ (ಕೆಳಗಿನ ಸಪ್ತಕದ) ಸ್ವರಗಳ ಮೇಲೆ ಒಂದೇ ಉಸಿರಿನಲ್ಲಿ ದನಿ ನಿಲ್ಲಿಸುವುದು, ಆಮೇಲೆ ಅಲಂಕಾರ (ಸ್ವರಗಳ ಏರಿಳಿತದ ಸಾಲುಗಳು), ಕೊನೆಗೆ ತೀನ್‌ತಾಲದಲ್ಲಿ ಸರಗಮ್ (ಸ್ವರಗಳನ್ನೇ ಹಾಡುವುದು). ಭೂಪದಲ್ಲಿ ಮ ಮತ್ತು ನಿ ಇಲ್ಲ. ಭಜನೆ, ಸಿನಿಮಾ ಹಾಡು ಕೇಳಿ ಬೆಳೆದ ಕಿವಿಗೆ ಏಳೂ ಸ್ವರದ ರೂಢಿಯಾಗಿರುವುದರಿಂದ ಮೇಲಿನ ‘ಸ’ದಿಂದ ‘ದ’ಕ್ಕೆ ಇಳಿಯುವಾಗ ನಿ ತಾನಾಗಿ ತಾಗಿಬಿಡುತ್ತದೆ. ತೀನ್‌ತಾಲಕ್ಕೆ 16 ಮಾತ್ರೆ (ಎಣಿಕೆ), ನಾಲ್ಕು ನಾಲ್ಕರ ನಾಲ್ಕು ವಿಭಾಗ, 9ನೇ ಮಾತ್ರೆ ಖಾಲಿ, ಅಂದರೆ ಚಪ್ಪಾಳೆಯಿಲ್ಲದ ಜಾಗ. ಕೈಯಲ್ಲಿ ತಾಳ ಹಾಕುತ್ತ ಹಾಡಲಿ. ನಡುವೆ ಎರಡು ಆವರ್ತನ (ತಾಳದ ಎರಡು ಸುತ್ತು) ಬಾಯಿ ಮುಚ್ಚಿ ತಾಳ ಮಾತ್ರ ಹಾಕಿ, ಮತ್ತೆ ಸಮ್‌ಗೆ (ಮೊದಲ ಮಾತ್ರೆಗೆ) ಸರಿಯಾಗಿ ಎತ್ತಿಕೊಳ್ಳಲಿ. ಇಲ್ಲಿ ಹೆಚ್ಚಿನವರು ಓಡುತ್ತಾರೆ, ಖಾಲಿಯ ನಂತರ ವೇಗ ಏರಿರುತ್ತದೆ. ಹಾಡಿದ್ದನ್ನು ರೆಕಾರ್ಡ್ ಮಾಡಿ ಅವಳಿಗೇ ಕೇಳಿಸಿ. ‘ಇಲ್ಲಿ ನಿ ಬಂತು’ ಎಂದು ತಾನೇ ಗುರುತಿಸಿದರೆ ಬಹಳ ಒಳ್ಳೆಯ ಲಕ್ಷಣ. ‘ಚೆನ್ನಾಗಿ ಬಂದಿದೆ ಅಲ್ವಾ ಆಯಿ?’ ಎಂದು ಕೇಳಿ ಎದ್ದುಹೋದರೆ, ದನಿ ಎಷ್ಟೇ ಇಂಪಾಗಿರಲಿ, ಎರಡು ವರ್ಷದ ಅಭ್ಯಾಸ ಭಾರವಾಗಬಹುದು.

ಮೂರನೇ ವಾರ ಹುರುಪು ಇಳಿಯುತ್ತದೆ. ಆಗಲೂ ಯಾವುದಕ್ಕೆ ತಾನಾಗಿ ಕೂರುತ್ತಾಳೋ ಅದನ್ನು ಆರಿಸಿ.

ಎರಡೂ ಸಮಸಮ ಎನಿಸಿದರೆ ಸಮಯದ ಲೆಕ್ಕ ನೋಡಿ. ಗಾಯನಕ್ಕೆ ದಿನವೂ ಅರ್ಧ ಗಂಟೆ ಬೇಕೇ ಬೇಕು, ವಾರದ್ದನ್ನು ಭಾನುವಾರ ಒಟ್ಟಿಗೆ ತೀರಿಸಲಾಗದು. ಒಂದು ಜಲವರ್ಣ ಚಿತ್ರಕ್ಕೆ ಒಂದೇ ಪಟ್ಟಿನಲ್ಲಿ ಎರಡು ಮೂರು ಗಂಟೆ ಬೇಕು, ಅದನ್ನು ರಜೆಯಲ್ಲಿ ಹೊಂದಿಸಬಹುದು. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ತಡವಾಗಿ ಬರುವ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇನ್ನೊಂದು ಮಾತು: ನಮ್ಮ ಸೀಮೆಯಲ್ಲಿ ಊರ ಹತ್ತಿರ ಹಿಂದೂಸ್ತಾನಿ ಕಲಿಸುವವರು ಸಿಕ್ಕಷ್ಟು ಸುಲಭವಾಗಿ ಕ್ರಮಬದ್ಧವಾಗಿ ಚಿತ್ರ ಕಲಿಸುವವರು ಸಿಗುವುದಿಲ್ಲ. ಹೊರಗಡೆ ಒಳ್ಳೆಯ ಸಂಗೀತ ಗುರುಗಳಿದ್ದರೆ ಶಾಲೆಯಲ್ಲಿ ಚಿತ್ರಕಲೆ ತೆಗೆದುಕೊಂಡು, ಸಂಗೀತ ಪರೀಕ್ಷೆಗಳನ್ನು ನಡೆಸುವ ಗಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ ಪ್ರಥಮ, ಪ್ರವೇಶಿಕಾ ಪೂರ್ಣ ಹೀಗೆ ಪರೀಕ್ಷೆ ಕಟ್ಟುತ್ತ ಹೋಗುವುದು ಒಳ್ಳೆಯ ದಾರಿ. ಅಜ್ಜಿಯ ಮನಸ್ಸಿಗೂ ಸಮಾಧಾನ.

ಫಾರ್ಮ್ ತುಂಬುವ ಮೊದಲು ಶಾಲೆಯಲ್ಲಿ ಕೇಳಲೇಬೇಕಾದದ್ದು: ಆ ವಿಷಯಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ, ವಾರಕ್ಕೆ ಎಷ್ಟು ಪಿರಿಯಡ್, ಕಳೆದ ವರ್ಷ ಮಕ್ಕಳು ಅದರಲ್ಲಿ 10ನೇ ತರಗತಿಯ ಬೋರ್ಡ್ ಪರೀಕ್ಷೆ ಬರೆದಿದ್ದಾರೆಯೇ. ಚಿತ್ರಕಲೆಯಾದರೆ 9ನೇ ತರಗತಿಯಿಂದಲೇ ಪ್ರತಿ ಹಾಳೆಯ ಹಿಂದೆ ತಾರೀಕು ಬರೆದು, ಕಚ್ಚಾ ಸ್ಕೆಚ್ಚನ್ನೂ ಎಸೆಯದೆ ಇಟ್ಟುಕೊಳ್ಳಲಿ.

ಪ್ರಶ್ನೆ: ಮಗನಿಗೆ 14 ವರ್ಷ. ಚೆನ್ನಾಗಿ ಹಾಡುತ್ತಿದ್ದವನ ದನಿ ಈಗ ಒಡೆದು, ಎತ್ತರದಲ್ಲಿ ಕೀರಲಾಗುತ್ತಿದೆ. ಯಕ್ಷಗಾನದ ಭಾಗವತಿಕೆ ಕಲಿಯುವ ಆಸೆ. ‘ನನಗಿನ್ನು ಸಂಗೀತ ಬೇಡ, ಡ್ರಾಯಿಂಗ್ ತಗೊಳ್ತೆ’ ಎನ್ನುತ್ತಿದ್ದಾನೆ. – ಹೊನ್ನಾವರದ ತಂದೆ

ಉತ್ತರ: ಈ ತಿಂಗಳುಗಳಲ್ಲಿ ಅವನ ಗಂಟಲನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದ ಮತ್ತು ದಪ್ಪವಾಗುತ್ತವೆ, ಹುಡುಗರ ದನಿ ಹೆಚ್ಚು ಕಡಿಮೆ ಒಂದು ಸಪ್ತಕದಷ್ಟು (‘ಸ’ದಿಂದ ಮೇಲಿನ ‘ಸ’ವರೆಗಿನ ಅಂತರ) ಇಳಿಯುತ್ತದೆ. ಹೊಸ ಅಳತೆ ಸ್ನಾಯುಗಳಿಗೆ ರೂಢಿಯಾಗುವವರೆಗೆ ದನಿ ಜಾರುತ್ತದೆ. ಕೆಲವರಿಗೆ ಕೆಲವೇ ತಿಂಗಳು, ಕೆಲವರಿಗೆ ವರ್ಷ ದಾಟುತ್ತದೆ.

ಹಳೆಯ ಏರು ಶ್ರುತಿಯನ್ನು ಬಿಟ್ಟು ಬಿಳಿ 1ರಿಂದ ಕಪ್ಪು 2ರ ನಡುವೆ ಆರಾಮಾಗಿ ಕೂರುವ ಶ್ರುತಿ ಹುಡುಕಿ. ಮಂದ್ರದ ‘ಪ’ದಿಂದ ಮಧ್ಯ ಸಪ್ತಕದ ‘ಪ’ವರೆಗೆ ಮಾತ್ರ, ದಿನಕ್ಕೆ 15 ನಿಮಿಷ. ತಾರದ (ಮೇಲಿನ ಸಪ್ತಕದ) ‘ಸ’ ಮುಟ್ಟುವುದು ಬೇಡ. ಭಜನೆ ತಂಡದಲ್ಲಿ ಹಳೆಯ ಶ್ರುತಿಗೇ ಎಳೆದು ಹಾಡಿಸುವುದರಿಂದಲೇ ಗಂಟಲು ಕೆಡುತ್ತದೆ, ಅಲ್ಲಿ ಅವನಿಗೆ ತಾಳ ಕೊಡಿ. ಏರು ಶ್ರುತಿಯ ಭಾಗವತಿಕೆ ಸದ್ಯ ಖಂಡಿತ ಬೇಡ. ಆದರೆ ಭಾಗವತರಿಗೆ ಬೇಕಾದ ಅರ್ಧ ವಿದ್ಯೆಗೆ ಗಂಟಲು ಬೇಕಿಲ್ಲ: ಏಕ, ಝಂಪೆ, ತ್ರಿವುಡೆ, ಅಷ್ಟ ತಾಳಗಳ ಲೆಕ್ಕ, ಪದ್ಯಕ್ಕೆ ತಾಳ ಕೂರಿಸುವುದು, ಮದ್ದಳೆಯ ಪಾಠ, ಹೆಜ್ಜೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಆರಂಭಿಸಿದ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವಿದೆ. ಹತ್ತಿರವೇ ಇದ್ದೀರಿ, ಕರೆದುಕೊಂಡು ಹೋಗಿ ಪಾಠ ನಡೆಯುವುದನ್ನು ತೋರಿಸಿ. ಇನ್ನು ಡ್ರಾಯಿಂಗ್ ನಿಜವಾಗಿ ಇಷ್ಟವೋ, ನಾಚಿಕೆಗೆ ಹೇಳುತ್ತಿದ್ದಾನೋ ಎಂಬುದಕ್ಕೆ ಮೇಲಿನ ತಂಬಿಗೆಯ ಪರೀಕ್ಷೆ ಮಾಡಿ. ಗೊಗ್ಗರು ದನಿ ಮೂರು ವಾರ ಬಿಡದೆ ಇದ್ದರೆ, ನೋವಿದ್ದರೆ, ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗಳಿಗೆ ಚಿತ್ರ, ವಿನ್ಯಾಸದಲ್ಲಿ ಆಸಕ್ತಿ. ಪಿಯುಸಿಯಲ್ಲಿ ವಿಜ್ಞಾನವೇ ಬೇಕೇ? – ಕಾರವಾರ

ಉತ್ತರ: ಆರ್ಕಿಟೆಕ್ಚರ್ ಮನಸ್ಸಿನಲ್ಲಿದ್ದರೆ ಬೇಕು. ಬಿ.ಆರ್ಕ್‌ಗೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಲೇಬೇಕು, ಜೊತೆಗೆ ನಾಟಾದಂತಹ ಪ್ರವೇಶ ಪರೀಕ್ಷೆ. ವಿನ್ಯಾಸ ಕಲಿಸುವ ಸಂಸ್ಥೆಗಳಾದ ಎನ್‌ಐಡಿ, ನಿಫ್ಟ್‌ಗಳ ಬಿ.ಡಿಸೈನ್‌ಗೆ ಯಾವ ವಿಭಾಗದವರೂ ಪರೀಕ್ಷೆ ಬರೆಯಬಹುದು. ದೃಶ್ಯಕಲೆಯ ಪದವಿಗೂ ವಿಜ್ಞಾನದ ಕಟ್ಟುಪಾಡಿಲ್ಲ. ವಿನ್ಯಾಸವೋ ಕಟ್ಟಡವೋ ಇನ್ನೂ ತಿಳಿಯದಿದ್ದು, ಗಣಿತ ಅವಳಿಗೆ ಹೊರೆಯಲ್ಲದಿದ್ದರೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಇಟ್ಟುಕೊಂಡರೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಗಣಿತ ಕಂಡರೆ ಅಳು ಬರುವ ಮಗುವನ್ನು ಮಾತ್ರ ಅಲ್ಲಿಗೆ ತಳ್ಳಬೇಡಿ. ಎರಡು ವರ್ಷ ಟ್ಯೂಷನ್ನಿನಲ್ಲೇ ಕಳೆದು ಚಿತ್ರ ಬರೆಯುವ ಕೈಯೂ ನಿಂತುಹೋಗುತ್ತದೆ.

ರಾಜ್ಯ ಪಠ್ಯಕ್ರಮದಲ್ಲಿ ಎಸ್‌ಎಸ್‌ಎಲ್‌ಸಿಯ 625 ಅಂಕದಲ್ಲಿ ಚಿತ್ರಕಲೆ ಸೇರುವುದಿಲ್ಲ. ಹಾಗಾಗಿ ಪ್ರತ್ಯೇಕವಾಗಿ ಡ್ರಾಯಿಂಗ್ ಲೋವರ್ ಗ್ರೇಡ್, ಆಮೇಲೆ ಹೈಯರ್ ಗ್ರೇಡ್ ಪರೀಕ್ಷೆ ಬರೆಸಿ. ವಾರಕ್ಕೊಮ್ಮೆ ಬೈತಖೋಲ ಬಂದರಿಗೆ ಹೋಗಿ ದೋಣಿಗಳ ಸ್ಕೆಚ್ ಮಾಡಲಿ. ಒಡಲಿನ ಬಾಗು ಎರಡೂ ಬದಿಗೆ ಸರಿಹೊಂದುವಂತೆ ಬರೆಯುವುದು ಯಾವ ಪ್ರವೇಶ ಪರೀಕ್ಷೆಗೂ ಒಳ್ಳೆಯ ತಯಾರಿ.

ಪ್ರಶ್ನೆ: ಮಳೆಗಾಲದಲ್ಲಿ ಹಾಳೆಗೆ ಬೂಷ್ಟು, ತಬಲಾ ಸಡಿಲ. ಏನು ಮಾಡುವುದು? – ಕುಮಟಾ

ಉತ್ತರ: ಹಾಳೆಗಳನ್ನು ಸುರುಳಿ ಸುತ್ತದೆ, ಅಡ್ಡಡ್ಡ ಮಲಗಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ನ್ಯೂಸ್‌ಪೇಪರಿನಲ್ಲಿ ಸುತ್ತಿದರೆ ಅದೇ ತೇವ ಹೀರಿ ಹಾಳೆಗೆ ಕೊಡುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಹೊಗೆಗೆ ಹಾಳೆ ಹಳದಿಯಾಗುತ್ತದೆ. ಜಲವರ್ಣದಲ್ಲಿ ಮೊದಲ ಬಣ್ಣ ಕೈಗೆ ತಂಪು ತಾಗುತ್ತಿದ್ದರೆ ಇನ್ನೂ ಒಣಗಿಲ್ಲ ಎಂದರ್ಥ. ಆಗ ಎರಡನೆಯದನ್ನು ಹಚ್ಚಿದರೆ ಎರಡೂ ಕಲಸಿ ರಾಡಿಯಾಗುತ್ತದೆ.

ತಬಲಾದ ಚರ್ಮ ತೇವಕ್ಕೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಜುಲೈನಲ್ಲಿ ಗಟ್ಟಾಗಳನ್ನು (ಬಾರಿನ ಕೆಳಗಿನ ಮರದ ತುಂಡುಗಳು) ಹೊಡೆದು ಪೂರ್ತಿ ಬಿಗಿ ಮಾಡಿಟ್ಟರೆ, ಮಳೆ ಹೋಗಿ ಒಣಹವೆ ಬಂದಾಗ ಚರ್ಮ ಇನ್ನೂ ಸೆಳೆದು ಅಂಚಿನಲ್ಲಿ ಹರಿಯುತ್ತದೆ. ಮಳೆಗಾಲದಲ್ಲಿ ಅರ್ಧ ಸ್ವರ ಕೆಳಗೇ ಅಭ್ಯಾಸ ಮಾಡಲಿ. ಒಲೆಯ ಮುಂದೆ ಕಾಯಿಸಿದರೆ ನಡುವಿನ ‘ಶಾಯಿ’ ಎಂಬ ಕಪ್ಪು ಲೇಪ ಬಿರಿಯುತ್ತದೆ. ಹಾರ್ಮೋನಿಯಂ ಅನ್ನು ನೆಲಕ್ಕೆ, ಮಳೆ ಬಡಿಯುವ ಗೋಡೆಗೆ ತಾಗಿಸದೆ ಮಣೆಯ ಮೇಲಿಡಿ, ದಿನಕ್ಕೆ ಹತ್ತು ನಿಮಿಷವಾದರೂ ನುಡಿಸಿ. ಒಳಗೆ ಗಾಳಿಯಾಡುತ್ತಿದ್ದರೆ ರೀಡಿಗೆ ಕಿಲುಬು ಹಿಡಿಯುವುದು ಕಡಿಮೆ.