ವಾಸ್ಕೋ ಎಂಬ ಹೆಸರು, ಕಪ್ಪು ಅಂಗಿಯ ಹುಡುಗರು

ಪ್ರಶ್ನೆ (ಕಾರವಾರದಿಂದ): ವಾಸ್ಕೋ ಡ ಗಾಮಾ ಅಂದ್ರೆ ನಮಗೆ ಗೋವಾದ ಊರು, ಅಲ್ಲಿನ ರೈಲ್ವೆ ಸ್ಟೇಷನ್ನು. ಬ್ರೆಜಿಲ್‌ನಲ್ಲೂ ಇದೇ ಹೆಸರಿನ ಫುಟ್‌ಬಾಲ್ ಕ್ಲಬ್ ಇದೆಯಂತೆ. ಅದಕ್ಕೂ ನಮ್ಮ ಕಡಲಿಗೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಇದೆ. 1498ರಲ್ಲಿ ಕೋಳಿಕ್ಕೋಡ್‌ಗೆ ಬಂದ ಗಾಮಾ, ವಾಪಸ್ ಹೋಗುವಾಗ ನಿಮ್ಮ ಕಾರವಾರದ ಪಕ್ಕದ ಅಂಜದೀವ್ ನಡುಗಡ್ಡೆಯಲ್ಲಿ ಲಂಗರು ಹಾಕಿ ಉಳಿದಿದ್ದ. ಆ ಪಯಣಕ್ಕೆ 400 ವರ್ಷ ತುಂಬಿದ ನೆನಪಿಗೆ 1898ರ ಆಗಸ್ಟ್ 21ರಂದು ರಿಯೊ ಡಿ ಜನೈರೊದ ಪೋರ್ಚುಗೀಸ್ ವಲಸಿಗರು ಅವನ ಹೆಸರಿನಲ್ಲಿ ಒಂದು ಕ್ಲಬ್ ಕಟ್ಟಿದರು. ಫುಟ್‌ಬಾಲ್‌ಗೆ ಅಲ್ಲ, ದೋಣಿ ಸ್ಪರ್ಧೆಗೆ. ಕ್ಲಬ್ಬಿನ ಪೂರ್ತಿ ಹೆಸರಲ್ಲಿ ಇವತ್ತಿಗೂ 'ರೆಗಾಟಾಸ್' ಅನ್ನುವ ಪದ ಉಳಿದಿದೆ, ಅಂದ್ರೆ ದೋಣಿ ಪಂದ್ಯಗಳು. ಲಾಂಛನದಲ್ಲಿ ಹಾಯಿ ಹಡಗಿದೆ. ಕಪ್ಪು ಅಂಗಿಯ ಮೇಲೆ ಓರೆಯಾಗಿ ಹಾದುಹೋಗುವ ಬಿಳಿ ಪಟ್ಟಿ ಭಾರತಕ್ಕೆ ಬಂದ ಕಡಲ ದಾರಿ ಅಂತ ಅಲ್ಲಿನವರು ಹೇಳುತ್ತಾರೆ.

ಗಾಮಾ ಎಂಬ ಮನುಷ್ಯನ ಬಗ್ಗೆ ನನಗೆ ಪ್ರೀತಿ ಇಲ್ಲ. 1502ರಲ್ಲಿ ಮಲಬಾರ್ ಕಡಲಲ್ಲಿ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗಿಗೆ ಜನರ ಸಮೇತ ಬೆಂಕಿ ಇಟ್ಟವನು ಅವನು. ಆದರೆ ಆ ಕ್ಲಬ್ ಅದೇ ಹೆಸರಿಟ್ಟುಕೊಂಡು ಮಾಡಿದ ಕೆಲಸವೇ ಬೇರೆ. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ (ದಾವಣಗೆರೆಯಿಂದ): ಬ್ರೆಜಿಲ್ ಅಂದ ಕೂಡಲೇ ಪೆಲೆ ನೆನಪಾಗುತ್ತಾರೆ. ಅಂಥ ದೇಶದಲ್ಲೂ ಕಪ್ಪು ಹುಡುಗರನ್ನು ಫುಟ್‌ಬಾಲ್‌ನಿಂದ ಹೊರಗಿಡಲು ನೋಡಿದ್ದರು ಅಂತ ಓದಿದೆ. ನಿಜಾನಾ?

ಉತ್ತರ: ನಿಜ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಗಿದ್ದೇ 1888ರಲ್ಲಿ. ಫುಟ್‌ಬಾಲ್ ಬಂದಾಗ ಅದು ದೊಡ್ಡ ಮನೆತನದ ಬಿಳಿ ಹುಡುಗರ ಆಟವಾಗಿತ್ತು. ವಾಸ್ಕೋ ಕ್ಲಬ್ 1904ರಲ್ಲೇ ಬಿಳಿಯನಲ್ಲದ ಕಾಂಡಿಡೊ ಜೋಸೆ ದೆ ಅರೌಜೊ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತ್ತು. ಫುಟ್‌ಬಾಲ್‌ಗೆ ಇಳಿದದ್ದು ಮಾತ್ರ ತಡವಾಗಿ, 1915ರಲ್ಲಿ ಇನ್ನೊಂದು ಪುಟ್ಟ ಕ್ಲಬ್ಬನ್ನು ಸೇರಿಸಿಕೊಂಡ ಮೇಲೆ. ಕೆಳಗಿನ ಡಿವಿಷನ್‌ನಿಂದ ಮೇಲೆ ಬಂದು, ಮೊದಲ ವರ್ಷವೇ, 1923ರಲ್ಲಿ, ರಿಯೊ ಚಾಂಪಿಯನ್ ಆಗಿಬಿಟ್ಟಿತು. ಇಡೀ ಟೂರ್ನಿಯಲ್ಲಿ ಸೋತದ್ದು ಒಂದೇ ಪಂದ್ಯ, ರಿಯೊದ್ದೇ ಇನ್ನೊಂದು ಕ್ಲಬ್ ಫ್ಲಮೆಂಗೊ ಎದುರು.

ತಂಡದಲ್ಲಿ ಇದ್ದವರು ಯಾರು? ಕಪ್ಪು ಹುಡುಗರು, ಮಿಶ್ರ ಮೈಬಣ್ಣದವರು, ಬಡ ಬಿಳಿಯರು. ಗೋಲ್‌ಕೀಪರ್ ನೆಲ್ಸನ್ ಟ್ಯಾಕ್ಸಿ ಓಡಿಸುತ್ತಿದ್ದರು. ಉಳಿದವರಲ್ಲಿ ಲಾರಿ ಓಡಿಸುವವರು, ಗೋಡೆಗೆ ಬಣ್ಣ ಹೊಡೆಯುವವರು ಇದ್ದರು. ಇವರಿಗೆ 'ಕಪ್ಪು ಅಂಗಿಗಳು' ಅಂತಲೇ ಹೆಸರಾಯಿತು. ಆಗಿನ ನಿಯಮದಲ್ಲಿ ಆಟಕ್ಕೆ ದುಡ್ಡು ಕೊಡುವಂತಿರಲಿಲ್ಲ. ಹಾಗಾಗಿ ಪೋರ್ಚುಗೀಸ್ ವ್ಯಾಪಾರಿಗಳು ಈ ಹುಡುಗರನ್ನು ತಮ್ಮ ಅಂಗಡಿಯ ನೌಕರರು ಅಂತ ತೋರಿಸಿ, ದಿನವಿಡೀ ಅಭ್ಯಾಸಕ್ಕೆ ಬಿಟ್ಟರು. ಗೆದ್ದರೆ ಕೈಗೆ ಇನಾಮು. ಒಂದು ಮಾತು ಇಲ್ಲಿ ಹೇಳಲೇಬೇಕು: ಕಪ್ಪು ಆಟಗಾರನನ್ನು ಇಳಿಸಿದ ಮೊದಲ ಕ್ಲಬ್ ವಾಸ್ಕೋ ಅಲ್ಲ. ರಿಯೊದ ಬಟ್ಟೆ ಗಿರಣಿಯ ತಂಡ ಬಾಂಗು ಎಷ್ಟೋ ವರ್ಷ ಮೊದಲೇ ಇಳಿಸಿತ್ತು. ಆದರೆ ಅಂಥವರನ್ನೇ ಕಟ್ಟಿಕೊಂಡು ಕಪ್ ಎತ್ತಿದ್ದು ವಾಸ್ಕೋ, ದೊಡ್ಡವರಿಗೆ ತಡೆಯಲಾಗದೆ ಹೋಗಿದ್ದು ಅದೇ.

1924ರಲ್ಲಿ ಫ್ಲುಮಿನೆನ್ಸ್, ಫ್ಲಮೆಂಗೊ, ಬೊಟಫೋಗೊ ಮೊದಲಾದ ದೊಡ್ಡ ಕ್ಲಬ್‌ಗಳು ಹಳೆ ಲೀಗ್ ಬಿಟ್ಟು ಹೊಸದೊಂದು ಲೀಗ್ ಮಾಡಿಕೊಂಡವು. ವಾಸ್ಕೋ ಬರಬಹುದು, ಆದರೆ 12 ಆಟಗಾರರನ್ನು ಕೈಬಿಟ್ಟು ಬರಬೇಕು ಅಂದವು. ಬಾಯಲ್ಲಿ ಹೇಳಿದ್ದು ಅವರ ಕೆಲಸ, ಓದು, ಅಂತಸ್ತಿನ ಕಾರಣ. ಒಳಗಿದ್ದದ್ದು ಏನು ಅಂತ ಎಲ್ಲರಿಗೂ ಗೊತ್ತಿತ್ತು.

ಏಪ್ರಿಲ್ 7ರಂದು ವಾಸ್ಕೋ ಅಧ್ಯಕ್ಷ ಜೋಸೆ ಅಗುಸ್ಟೊ ಪ್ರೆಸ್ಟಿಸ್ ಒಂದು ಚಿಕ್ಕ ಕಾಗದ ಬರೆದರು. ಈ 12 ಜನ ಇನ್ನೂ ಎಳೆಯ ಹುಡುಗರು, ಇವರಿಗೆ ಮಸಿ ಬಳಿಯುವ ಕೆಲಸಕ್ಕೆ ಇವರನ್ನು ಮನೆಗೆ ಕರೆದುಕೊಂಡ ನಾವು ಕೈ ಹಾಕುವುದಿಲ್ಲ, ಆದ್ದರಿಂದ ನಿಮ್ಮ ಲೀಗ್‌ಗೆ ನಾವು ಬರುವುದಿಲ್ಲ. ಇದು ಅದರ ಸಾರ. ಯಾವುದೇ ಭಾಷಣ ಇಲ್ಲ, ಕೂಗಾಟ ಇಲ್ಲ. ಬ್ರೆಜಿಲ್‌ನಲ್ಲಿ ಇದನ್ನು 'ಐತಿಹಾಸಿಕ ಉತ್ತರ' ಅಂತ ಕರೆಯುತ್ತಾರೆ. ನನಗೆ ವಾಸ್ಕೋ ಮೇಲೆ ಅಭಿಮಾನ ಹುಟ್ಟಿದ್ದು ಯಾವ ಗೋಲಿನಿಂದಲೂ ಅಲ್ಲ, ಈ ಕಾಗದದಿಂದ.

ಆ ವರ್ಷ ಹಳೆ ಲೀಗ್‌ನಲ್ಲೇ ಆಡಿ ಗೆದ್ದರು. 1925ರಲ್ಲಿ ಹೊಸ ಲೀಗ್ ವಾಸ್ಕೋವನ್ನು ಸೇರಿಸಿಕೊಂಡಿತು. ಆಟಗಾರರು ಫಾರಂ ತುಂಬಿ ಸಹಿ ಹಾಕಬೇಕು ಅನ್ನುವ ನಿಯಮ ಇತ್ತು, ಅದಕ್ಕೆ ಕ್ಲಬ್ಬೇ ಮೇಷ್ಟ್ರನ್ನಿಟ್ಟು ಹುಡುಗರಿಗೆ ಅಕ್ಷರ ಕಲಿಸಿತು. ನಿಮಗೆ ಸ್ವಂತ ಮೈದಾನ ಇಲ್ಲ ಅನ್ನುವ ಮಾತೂ ಇತ್ತು. ಅಭಿಮಾನಿಗಳು ಚಂದಾ ಎತ್ತಿದರು, ಸುಮಾರು ಹತ್ತೇ ತಿಂಗಳಲ್ಲಿ ಸಾವ್ ಜನುವಾರಿಯೊ ಸ್ಟೇಡಿಯಂ ಎದ್ದು ನಿಂತಿತು. 1927ರ ಏಪ್ರಿಲ್ 21ರಂದು ಉದ್ಘಾಟನೆ, ದೇಶದ ಅಧ್ಯಕ್ಷರೇ ಬಂದಿದ್ದರು. ಆಗ ದಕ್ಷಿಣ ಅಮೆರಿಕದಲ್ಲೇ ಅದಕ್ಕಿಂತ ದೊಡ್ಡದು ಇರಲಿಲ್ಲ. ಮೊದಲ ಪಂದ್ಯ ಮಾತ್ರ ಸ್ಯಾಂಟೋಸ್ ಎದುರು 3-5 ಸೋತರು.

ಪ್ರಶ್ನೆ (ಹುಬ್ಬಳ್ಳಿಯಿಂದ): 1950ರ ವಿಶ್ವಕಪ್‌ನ ಗೋಲ್‌ಕೀಪರ್ ಬಾರ್ಬೋಸಾ ಕೂಡ ಇದೇ ಕ್ಲಬ್ಬಿನವರಾ?

ಉತ್ತರ: ಹೌದು. 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಖಂಡದ ಚಾಂಪಿಯನ್ ಕ್ಲಬ್‌ಗಳ ಟೂರ್ನಿ ನಡೆಯಿತು. ಹೆಸರಾಂತ ಆಟಗಾರ ಡಿ ಸ್ಟೆಫಾನೊ ಇದ್ದ ಅರ್ಜೆಂಟೀನಾದ ಕ್ಲಬ್ ರಿವರ್ ಪ್ಲೇಟ್ ಎದುರು ಪೆನಾಲ್ಟಿ ತಡೆದು, 0-0 ಡ್ರಾ ಮಾಡಿಸಿ ವಾಸ್ಕೋಗೆ ಕಪ್ ತಂದವರು ಇದೇ ಬಾರ್ಬೋಸಾ. ಎರಡು ವರ್ಷದ ನಂತರ, ವಿಶ್ವಕಪ್‌ನ ಕೊನೆಯ ಪಂದ್ಯದಲ್ಲಿ, ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಉರುಗ್ವೆಯ ಗಿಗ್ಗಿಯಾ ಹೊಡೆದ ಒಂದು ಗೋಲಿಗೆ ಬ್ರೆಜಿಲ್ 1-2 ಸೋತಿತು. ಆ ತಂಡದ ನಾಯಕ ಅಗುಸ್ಟೊ, ಗೋಲುಗಳ ಸರದಾರ ಅಡೆಮಿರ್, ಕೋಚ್ ಫ್ಲಾವಿಯೊ ಕೋಸ್ಟಾ ಎಲ್ಲರೂ ವಾಸ್ಕೋದವರೇ. ಆದರೆ ತಪ್ಪೆಲ್ಲ ಕಪ್ಪು ಗೋಲ್‌ಕೀಪರ್ ತಲೆಗೆ ಬಂತು, ಮತ್ತು ಇಳಿಯಲೇ ಇಲ್ಲ. 1993ರಲ್ಲಿ ಬ್ರೆಜಿಲ್ ತಂಡವನ್ನು ನೋಡಲು ಹೋದ ಮುದುಕನನ್ನು ಅಪಶಕುನ ಅಂತ ಒಳಗೆ ಬಿಡಲಿಲ್ಲ. 2000ದಲ್ಲಿ ತೀರಿಕೊಂಡರು. ಇದನ್ನು ನೆನೆದಾಗೆಲ್ಲ ನನಗೆ ಸಂಕಟ ಆಗುತ್ತದೆ. ವಾಸ್ಕೋ ಈಗ ತನ್ನ ತರಬೇತಿ ಕೇಂದ್ರಕ್ಕೆ ಮೊಅಸೀರ್ ಬಾರ್ಬೋಸಾ ಅಂತಲೇ ಹೆಸರಿಟ್ಟಿದೆ.

ಪ್ರಶ್ನೆ (ಮಂಗಳೂರಿನಿಂದ): ಈಗ ಕ್ಲಬ್ ಹೇಗಿದೆ? ಹಳೆ ಪಂದ್ಯ ಒಂದೇ ನೋಡೋದಾದ್ರೆ ಯಾವುದು?

ಉತ್ತರ: ಬ್ರೆಜಿಲ್ ಲೀಗ್ ನಾಲ್ಕು ಸಲ ಗೆದ್ದಿದೆ: 1974, 1989, 1997, 2000. ನೂರು ವರ್ಷ ತುಂಬಿದ 1998ರಲ್ಲೇ ದಕ್ಷಿಣ ಅಮೆರಿಕದ ಕ್ಲಬ್‌ಗಳ ಅತಿ ದೊಡ್ಡ ಕಪ್, ಕೋಪಾ ಲಿಬರ್ಟಡೋರೆಸ್ ಗೆದ್ದಿತು. ಆಮೇಲೆ ಕಷ್ಟದ ದಿನಗಳು. 2008ರಿಂದ 2020ರ ಒಳಗೆ ನಾಲ್ಕು ಸಲ ಕೆಳಗಿನ ಡಿವಿಷನ್‌ಗೆ ಬಿತ್ತು. 2022ರಲ್ಲಿ ಫುಟ್‌ಬಾಲ್ ವಿಭಾಗವನ್ನು ಅಮೆರಿಕದ ಹೂಡಿಕೆ ಕಂಪನಿಗೆ ಮಾರಿದರು, 2024ರಲ್ಲಿ ಕೋರ್ಟು ಆ ಹಿಡಿತ ಬಿಡಿಸಿತು. 2023ರಲ್ಲಿ ಪಂದ್ಯವೊಂದರ ಗಲಾಟೆಯ ಮೇಲೆ ಸಾವ್ ಜನುವಾರಿಯೊವನ್ನು ತಿಂಗಳುಗಟ್ಟಲೆ ಪ್ರೇಕ್ಷಕರಿಗೆ ಮುಚ್ಚಿದಾಗ, ಪಕ್ಕದಲ್ಲೇ ಇರುವ ಬಡವರ ಕೇರಿಯನ್ನೂ ಕಾರಣವಾಗಿ ತೋರಿಸಿದ್ದರು. ಮ್ಯಾಚ್ ದಿನದ ವ್ಯಾಪಾರ ನಂಬಿಕೊಂಡ ಕೇರಿಯ ಅಂಗಡಿಯವರಿಗೆ ನಷ್ಟ ಆಯಿತು. ಕ್ಲಬ್ ಮತ್ತು ಕೇರಿ ಒಟ್ಟಿಗೇ ನಿಂತು ವಿರೋಧಿಸಿದವು.

ಪಂದ್ಯ ಅಂದ್ರೆ 2000ದ ಡಿಸೆಂಬರ್ 20ರ ಮೆರ್ಕೋಸುರ್ ಕಪ್ (ಇದೂ ದಕ್ಷಿಣ ಅಮೆರಿಕದ ಕ್ಲಬ್‌ಗಳ ಟೂರ್ನಿ) ಫೈನಲ್ ನೋಡಿ. ಎದುರಾಳಿ ಬ್ರೆಜಿಲ್‌ನದ್ದೇ ಕ್ಲಬ್ ಪಾಲ್ಮೇರಾಸ್, ಮೈದಾನವೂ ಅವರದ್ದೇ. ಅರ್ಧ ಆಟ ಮುಗಿದಾಗ ವಾಸ್ಕೋ 0-3 ಹಿಂದೆ, ಆಮೇಲೆ ಒಬ್ಬ ಆಟಗಾರ ಕೆಂಪು ಕಾರ್ಡ್ ತಿಂದು ಹೊರಗೆ ಹೋದ. ಆದರೂ 4-3 ಗೆದ್ದರು. ರೊಮಾರಿಯೊ ಮೂರು ಗೋಲು, ಕೊನೆಯದು ಹೆಚ್ಚುವರಿ ನಿಮಿಷದಲ್ಲಿ. ಮೊದಲರ್ಧ ಬಿಟ್ಟು ನೋಡಬೇಡಿ.