ಓನ್ ಜಾಫರ್ ಪಕ್ಷ ಬಿಟ್ಟದ್ದು ಹಟಕ್ಕಲ್ಲ

ಧಾರವಾಡದ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯಲ್ಲಿ ಮಲಯಾದ (ಇಂದಿನ ಮಲೇಷ್ಯಾದ ಭಾಗ) ಡಾತೋ ಓನ್ ಜಾಫರ್ ಅವರನ್ನು ರಾಜಕುಮಾರ ಎಂದಿದ್ದೀರಿ. ಸರಿಯೇ? ತಾವೇ ಕಟ್ಟಿದ ಪಕ್ಷವನ್ನು ಐದೇ ವರ್ಷಕ್ಕೆ ತೊರೆದವರನ್ನು ಮುತ್ಸದ್ದಿ ಎನ್ನುವುದೇಕೆ? ಅದು ದೊಡ್ಡ ಮನೆತನದ ಹಟವಲ್ಲವೇ?’

ಸಂಪಾದಕರ ಉತ್ತರ:

ಮಾನ್ಯರೇ, ಮೊದಲನೆಯದು ನಮ್ಮದೇ ತಪ್ಪು, ಕ್ಷಮೆಯಿರಲಿ. ರಾಜಕುಮಾರರಾಗಿದ್ದವರು ಓನ್ ಅವರ ನಂತರ ಪಕ್ಷದ ಚುಕ್ಕಾಣಿ ಹಿಡಿದ ಟುಂಕು ಅಬ್ದುಲ್ ರಹಮಾನ್, ಕೆಡಾ ಸುಲ್ತಾನರ ಮಗ. 1895ರಲ್ಲಿ ಹುಟ್ಟಿದ ಓನ್ ಜೋಹೋರ್ ಸಂಸ್ಥಾನದ ಮಂತ್ರಿ ಮನೆತನದವರು. ತಂದೆ ಜಾಫರ್ ಅಲ್ಲಿನ ಮೊದಲ ಮೆಂತ್ರಿ ಬೆಸಾರ್, ನಮ್ಮ ಮಾತಿನಲ್ಲಿ ದಿವಾನರು. ಡಾತೋ ಎಂಬುದು ಬಿರುದು. ಅರಮನೆಯ ಋಣದಲ್ಲಿ ಬೆಳೆದೂ ಸುಲ್ತಾನರನ್ನು ಟೀಕಿಸಿ ಬರೆದವರು ಅವರು. 1930ರಲ್ಲಿ ಸಿಂಗಪುರದಲ್ಲಿ ‘ವಾರ್ತಾ ಮಲಯಾ’ ಪತ್ರಿಕೆಯ ಸಂಪಾದಕರಾದರು. ನಮ್ಮ ಕಸುಬಿನವರೆಂಬ ಅಭಿಮಾನ ನನಗಿದೆ.

ಎರಡನೆಯ ಮಾತನ್ನು ಮಾತ್ರ ಒಪ್ಪಲಾರೆ. ಸುಲ್ತಾನರಿಂದ ಸಹಿ ಹಾಕಿಸಿಕೊಂಡ ಬ್ರಿಟಿಷರು 1946ರ ಏಪ್ರಿಲ್ 1ರಂದು ಮಲಯನ್ ಯೂನಿಯನ್ ಹೇರಿದರು; ಸಂಸ್ಥಾನಗಳನ್ನೆಲ್ಲ ಒಬ್ಬ ಬ್ರಿಟಿಷ್ ಗವರ್ನರ್ ಕೈಕೆಳಗೆ ತಂದು ಸುಲ್ತಾನರ ಅಧಿಕಾರ ಕಿತ್ತುಕೊಳ್ಳುವ ವ್ಯವಸ್ಥೆ ಅದು. ಮಲಯರು ತಲೆಯ ಮೇಲಿನ ಕರಿಯ ಸೊಂಗ್ಕೋಕ್ ಟೋಪಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಶೋಕ ಆಚರಿಸಿದರು. ಗವರ್ನರ್ ಎಡ್ವರ್ಡ್ ಜೆಂಟ್ ಅವರ ಪದಗ್ರಹಣಕ್ಕೆ ಹೋಗಬೇಡಿ ಎಂದು ಜನರ ಪರವಾಗಿ ಸುಲ್ತಾನರಿಗೆ ಹೇಳಿದವರು ಓನ್. ಒಬ್ಬ ಸುಲ್ತಾನರೂ ಹೋಗಲಿಲ್ಲ. ಮೇ 11ರಂದು ಜೋಹೋರ್ ಬಾರುವಿನ ಅರಮನೆಯಲ್ಲಿ ಓನ್ ಅವರ ಮುಂದಾಳತ್ವದಲ್ಲಿ ಅಮ್ನೋ, ಅಂದರೆ ಮಲಯರ ಸಂಯುಕ್ತ ರಾಷ್ಟ್ರೀಯ ಸಂಘಟನೆ ಎಂಬ ಪಕ್ಷ ಹುಟ್ಟಿತು. 1948ರ ಫೆಬ್ರವರಿಯಲ್ಲಿ ಯೂನಿಯನ್ ಹೋಗಿ, ಸುಲ್ತಾನರ ಸ್ಥಾನಮಾನ ಉಳಿಸಿದ ಮಲಯಾ ಒಕ್ಕೂಟ ಬಂತು.

ಆ ಗೆಲುವನ್ನೇ ಜೀವನವಿಡೀ ಉಣ್ಣಬಹುದಿತ್ತು. ಆದರೆ ಚೀನೀಯರು, ಭಾರತೀಯರು ಸೇರಿ ಸುಮಾರು ಅರ್ಧದಷ್ಟಿದ್ದ ನಾಡಿನಲ್ಲಿ ಮಲಯರ ಪಕ್ಷವೊಂದರಿಂದಲೇ ಸ್ವಾತಂತ್ರ್ಯ ಸಾಧ್ಯವಿಲ್ಲ ಎಂದು ಅವರಿಗೆ ಮನವರಿಕೆಯಾಗಿತ್ತು. ಪಕ್ಷದ ಹೆಸರಿನಲ್ಲಿ ‘ಮಲಯರ’ ಎಂದಿದ್ದುದನ್ನು ‘ಮಲಯಾದ’ ಎಂದು ಬದಲಿಸಿ, ಬಾಗಿಲನ್ನು ಎಲ್ಲರಿಗೂ ತೆರೆಯೋಣ ಎಂದರು. ಒಂದೇ ಪದದ ತಿದ್ದುಪಡಿ; ಪಕ್ಷಕ್ಕೆ ಅದೇ ನುಂಗಲಾರದ ತುತ್ತಾಯಿತು. 1951ರಲ್ಲಿ ಹೊರನಡೆದರು. ಕುರ್ಚಿಯ ಆಸೆಯಿದ್ದವರು ಹೀಗೆ ನಡೆದುಕೊಳ್ಳುತ್ತಾರೆಯೇ?

ಎಲ್ಲ ಜನಾಂಗದವರಿಗೂ ಬಾಗಿಲು ತೆರೆದ ಅವರ ಹೊಸ ಪಕ್ಷಕ್ಕೆ 1952ರ ಕ್ವಾಲಾಲಂಪುರ ನಗರಸಭೆಯಲ್ಲಿ ದಕ್ಕಿದ್ದು 12ರಲ್ಲಿ 2 ಸ್ಥಾನ. ಆಮೇಲೆ ಕಟ್ಟಿದ ಪಾರ್ಟಿ ನೆಗಾರ ಮಲಯರ ಹಿತವೊಂದನ್ನೇ ಹಿಡಿದು ಹೊರಟದ್ದು ನನಗೆ ಇಂದಿಗೂ ನೋವು ತರುವ ಸಂಗತಿ; ಅಲ್ಲಿ ಅವರನ್ನು ಸಮರ್ಥಿಸಲಾರೆ. 1955ರಲ್ಲಿ ಸ್ವಂತ ಊರಿನಲ್ಲೇ ಸೋತರು, 1959ರಲ್ಲಿ ತೆರೆಂಗಾನುವಿನಿಂದ ಗೆದ್ದರು, 1962ರ ಜನವರಿಯಲ್ಲಿ ತೀರಿಕೊಂಡರು.

ತಂದೆಯೊಂದಿಗೇ ಪಕ್ಷ ಬಿಟ್ಟಿದ್ದ ಮಗ ಹುಸೇನ್ ಓನ್, ನಮ್ಮ ಡೆಹ್ರಾಡೂನಿನಲ್ಲಿ ಸೈನಿಕ ತರಬೇತಿ ಪಡೆದವರು, 1968ರಲ್ಲಿ ಅಮ್ನೋಗೆ ಮರಳಿ 1976ರಲ್ಲಿ ಮಲೇಷ್ಯಾದ ಪ್ರಧಾನಿಯಾದರು. ಅವರ ಕುರಿತು ಪ್ರತ್ಯೇಕ ಲೇಖನ ಬರೆಸುತ್ತೇವೆ.