ಎಫ್ ಕಾರ್ಡ್ ಬರ್ತಿಲ್ಲ ಅಂತ ಗಿಟಾರ್ ಬಿಡಬೇಡಿ

ಪ್ರಶ್ನೆ: ನನಗೆ 41 ವರ್ಷ. ಆಲ್ದೂರು ಹತ್ತಿರ ಸಣ್ಣ ಕಾಫಿ ತೋಟ ಇದೆ. ಏಪ್ರಿಲ್‌ನಲ್ಲಿ ಆಸೆಪಟ್ಟು ಸ್ಟೀಲ್ ತಂತಿಯ ಗಿಟಾರ್ ತಂದೆ. ಮೊದಲೆರಡು ತಿಂಗಳು ಇ ಮೈನರ್, ಎ ಮೈನರ್, ಸಿ ಕಾರ್ಡ್ (ಹಲವು ತಂತಿ ಒಟ್ಟಿಗೆ ನುಡಿಸುವ ಸ್ವರಗುಚ್ಛ) ಎಲ್ಲ ಸುಮಾರಾಗಿ ಬರುತ್ತಿದ್ದವು. ಮಳೆ ಹಿಡಿದ ಮೇಲೆ ಬೆರಳು ವಿಪರೀತ ನೋಯುತ್ತಿದೆ. ತೋರುಬೆರಳನ್ನು ಆರೂ ತಂತಿಗೆ ಅಡ್ಡ ಒತ್ತುವ ಎಫ್ ಕಾರ್ಡ್ ಅಂತೂ ಒಂದು ದಿನವೂ ಸರಿಯಾಗಿ ನುಡಿದಿಲ್ಲ. ವಯಸ್ಸಾಯಿತು ಅಂತ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. "ಮಳೆ ಹಿಡಿದ ಮೇಲೆ" ಅಂತ ನೀವೇ ಬರೆದಿದ್ದೀರಿ, ಉತ್ತರ ಅಲ್ಲೇ ಇದೆ. ನಿಮ್ಮ ಬೆರಳು ಏಪ್ರಿಲ್‌ನಲ್ಲಿ ಇದ್ದದ್ದೇ. ಬದಲಾದದ್ದು ಗಿಟಾರ್.

ಜೂನ್ ಬಂತು ಅಂದರೆ ನಮ್ಮ ಕಡೆ ಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ, ಅಲ್ವಾ? ಗಿಟಾರಿನ ಮುಂಭಾಗದ ಹಲಗೆ ಅದಕ್ಕಿಂತ ಎಷ್ಟೋ ತೆಳು, ಮೂರು ಮಿಲಿಮೀಟರ್ ಆಸುಪಾಸು ಅಷ್ಟೇ. ಅದು ತೇವ ಕುಡಿದು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಅದರ ಮೇಲೆ ಕೂತು ತಂತಿಗಳನ್ನು ಹಿಡಿದಿರುವ ಬ್ರಿಡ್ಜ್ ಮೇಲೇಳುತ್ತದೆ, ಬ್ರಿಡ್ಜ್ ಜೊತೆ ತಂತಿಗಳೂ ಏಳುತ್ತವೆ. ಆಮೇಲೆ ಒಂದೊಂದು ಕಾರ್ಡಿಗೂ ಮೊದಲಿಗಿಂತ ಜಾಸ್ತಿ ಒತ್ತಬೇಕು.

ಮಕ್ಕಳ ಸ್ಕೇಲ್ ಒಂದು ತಗೊಳ್ಳಿ. 12ನೇ ಫ್ರೆಟ್ ಹತ್ತಿರ, ಅಂದರೆ ತಲೆಯ ಕಡೆಯಿಂದ ಎಣಿಸಿದರೆ ಕೊರಳಿನ 12ನೇ ಲೋಹದ ಪಟ್ಟಿಯ ಮೇಲ್ಭಾಗದಿಂದ ದಪ್ಪ ತಂತಿಯ ತಳದವರೆಗೆ ಅಳೆಯಿರಿ. ಎರಡೂವರೆ ಮಿಲಿಮೀಟರ್ ಇದ್ದರೆ ಒಳ್ಳೆಯದು. ಮೂರಕ್ಕಿಂತ ಜಾಸ್ತಿ ಇದ್ದರೆ ಹೊಸಬರಿಗೆ ಕಷ್ಟವೇ. ಇನ್ನೊಂದು ಪರೀಕ್ಷೆ: ಎಫ್ ಹಿಡಿಯುವ ಹಾಗೇ ಬೆರಳಿಟ್ಟು ಅದೇ ಆಕಾರವನ್ನು 5ನೇ ಫ್ರೆಟ್‌ಗೆ ಒಯ್ಯಿರಿ. ಅಲ್ಲಿ ಅದು ಎ ಕಾರ್ಡ್. ಯಾರಿಗೇ ಆದರೂ ಅಲ್ಲಿ ಸ್ವಲ್ಪ ಸುಲಭ. ಆದರೆ ಅಲ್ಲಿ ಸಲೀಸಾಗಿ ನುಡಿದು ಮೊದಲ ಫ್ರೆಟ್‌ನಲ್ಲಿ ಸತ್ತೇ ಹೋದರೆ, ತಲೆಯ ಹತ್ತಿರ ತಂತಿ ಕೂರುವ ಪಟ್ಟಿ, ಅಂದರೆ ನಟ್, ಎತ್ತರ ಆಗಿದೆ. ಅದರ ಕಚ್ಚುಗಳನ್ನು ಗೊತ್ತಿರುವವರ ಕೈಯಲ್ಲೇ ಇಳಿಸಿಸಿ. ಒಂದು ಕೂದಲೆಳೆ ಜಾಸ್ತಿ ಇಳಿದರೂ ತಂತಿ ಗುರ್ ಅನ್ನುತ್ತೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಚಿಕ್ಕಮಗಳೂರಿನಲ್ಲಿ ನಾನು ಕಲಿಯಲು ಶುರು ಮಾಡಿದಾಗ ಅಂಗಡಿಯವರು ಕೊಟ್ಟ ಗಿಟಾರಿನ ಅಂತರ ನಾಲ್ಕು ಮಿಲಿಮೀಟರ್ ಇತ್ತು. ಯಾರೂ ಹೇಳಲಿಲ್ಲ. ಎಂಟು ತಿಂಗಳು ನನ್ನ ಕೈಗೆ ಸಂಗೀತವೇ ಹತ್ತುವುದಿಲ್ಲ ಅಂತ ನಂಬಿದ್ದೆ. ಆಮೇಲೆ ಸ್ನೇಹಿತನೊಬ್ಬ ನಮ್ಮ ಜಗಲಿಯಲ್ಲಿ ಕೂತು ತಂತಿ ಸಡಿಲ ಮಾಡಿ, ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿ ಸ್ಯಾಡಲ್ ಕಿತ್ತ. ಅದರ ತಳದಲ್ಲಿ ಪೆನ್ಸಿಲ್ ಗೆರೆ ಹಾಕಿದ. ಗಾಜಿನ ಮೇಲೆ ಉಪ್ಪು ಕಾಗದ ಹಾಸಿ ಗೆರೆಯವರೆಗೆ ಉಜ್ಜಿದ. 12ನೇ ಫ್ರೆಟ್‌ನಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಎರಡು ಹೋಗಬೇಕು. ಅರ್ಧ ಗಂಟೆಯ ಕೆಲಸ. ಅವತ್ತೇ ಸಂಜೆ ಆರೂ ತಂತಿ ಒಟ್ಟಿಗೆ ನುಡಿದವು. ಆ ಎಂಟು ತಿಂಗಳು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಆದರೆ ನೀವು ಈಗಲೇ ಸ್ಯಾಡಲ್ ಉಜ್ಜಿಸಬೇಡಿ. ಈಗ ಉಜ್ಜಿಸಿದರೆ ಫೆಬ್ರವರಿ ಹೊತ್ತಿಗೆ ಹಲಗೆ ಒಣಗಿ ಇಳಿದು ತಂತಿಗಳು ಫ್ರೆಟ್‌ಗೆ ತಾಗುತ್ತವೆ. ಮೊದಲು ಗಿಟಾರನ್ನು ಒಣಗಿಸಿ. ಮುಚ್ಚುವ ಕೇಸ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಒಳಗಿನ ಕೋಣೆಯಲ್ಲಿಡಿ. ಮಳೆ ಹೊಡೆಯುವ ಗೋಡೆಗೆ ನೇತು ಹಾಕಬೇಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಡುವುದೂ ಬೇಡ, ಬಿಸಿಗೆ ಬ್ರಿಡ್ಜಿನ ಗೋಂದು ಮೆತ್ತಗಾಗುತ್ತೆ. ಹಾಗೆಯೇ ಯಾರೋ ಹೇಳಿದರು ಅಂತ ಕೊರಳೊಳಗಿನ ಟ್ರಸ್ ರಾಡ್ ತಿರುಗಿಸಬೇಡಿ. ಅದು ಕೊರಳಿನ ಬಾಗು ಸರಿ ಮಾಡುವುದಕ್ಕೆ ಇರುವುದು.

ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಮೊದಲ ಫ್ರೆಟ್‌ಗೆ ಕ್ಯಾಪೋ (ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಸ್ವರ ಮಾಮೂಲಿನದೇ ಬರುತ್ತೆ, ತಂತಿಯ ಬಿಗಿ ಕಡಿಮೆಯಾಗುತ್ತೆ, ಎತ್ತರದ ನಟ್‌ನ ಕಾಟವೂ ತಪ್ಪುತ್ತೆ. ತಂತಿ ಬದಲಿಸುವಾಗ 12ರ ಬದಲು ಅದಕ್ಕಿಂತ ತೆಳುವಾದ 10ರ ಸೆಟ್ ಕೇಳಿ. ಎಫ್ ಬದಲು ಸದ್ಯಕ್ಕೆ ಎಫ್ ಮೇಜರ್ ಸೆವೆನ್ ಹಿಡಿಯಿರಿ: ತೆಳು ತಂತಿಯಿಂದ ಎಣಿಸಿದರೆ ನಾಲ್ಕನೇ ತಂತಿ 3ನೇ ಫ್ರೆಟ್, ಮೂರನೇದು 2, ಎರಡನೇದು 1, ಮೊದಲನೇದು ಖಾಲಿ, ದಪ್ಪನೆಯ ಎರಡನ್ನು ಮುಟ್ಟಬೇಡಿ. ಬೆರಳು ಫ್ರೆಟ್ ಪಟ್ಟಿಯ ಬೆನ್ನಿಗೇ ಇರಲಿ, ಎರಡು ಪಟ್ಟಿಗಳ ನಡುವೆ ಅಲ್ಲ. ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಸಾಕು, ಭಾನುವಾರ ಒಂದೇ ಸಲ ಎರಡು ಗಂಟೆ ಕೂತರೆ ಬೆರಳು ನೋಯುತ್ತೆ ಹೊರತು ಕೈ ಪಳಗುವುದಿಲ್ಲ.

ಪ್ರಶ್ನೆ: ಸಕಲೇಶಪುರದವಳು. ಎರಡೇ ತಿಂಗಳಿಗೆ ತಂತಿ ತುಕ್ಕು ಹಿಡಿಯುತ್ತಿದೆ. ಕೊಬ್ಬರಿ ಎಣ್ಣೆ ಸವರಬಹುದಾ?

ಉತ್ತರ: ಬೇಡ. ದಪ್ಪ ತಂತಿಗಳ ಸುತ್ತಿನೊಳಗೆ ಎಣ್ಣೆ, ಧೂಳು ಸೇರಿದರೆ ನಾದವೇ ಮಂಕಾಗುತ್ತೆ. ನುಡಿಸುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ. ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒಂದೊಂದೇ ತಂತಿಯನ್ನು, ಅಡಿಭಾಗ ಸೇರಿಸಿ, ಒರೆಸಿ. ಲೇಪನ ಇರುವ ತಂತಿಗೆ ಬೆಲೆ ಜಾಸ್ತಿ, ಆದರೆ ನಿಮ್ಮ ಮಳೆಗೆ ಅದೇ ಸರಿ.

ಪ್ರಶ್ನೆ: ಹಾಸನದಲ್ಲಿದ್ದೇವೆ. ಮಗಳಿಗೆ ಒಂಬತ್ತು. ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ, ಬಿಳಿ ಐದರ ಶ್ರುತಿ. ಈಗ ಗಿಟಾರ್ ಬೇಕಂತೆ. ಎರಡೂ ಸೇರಿ ಗೊಂದಲ ಆಗುತ್ತಾ?

ಉತ್ತರ: ಆಗುವುದಿಲ್ಲ. ಅವಳಿಗೆ ಶ್ರುತಿಜ್ಞಾನ ಆಗಲೇ ಇದೆ, ಬೇರೆ ಮಕ್ಕಳು ಅದಕ್ಕೇ ಒದ್ದಾಡುತ್ತಾರೆ. ಗಿಟಾರಿನ ಮೂರನೇ ತಂತಿ ಜಿ, ಅಂದರೆ ನಿಮ್ಮ ಬಿಳಿ ಐದೇ. ಅವಳ ಷಡ್ಜ ಅಲ್ಲೇ ಸಿಗುತ್ತೆ. ಆ ಒಂದೇ ತಂತಿಯಲ್ಲಿ ಮಾಯಾಮಾಳವಗೌಳ ಹುಡುಕಿಸಿ: ಸ ಖಾಲಿ ತಂತಿ, ರಿ 1ನೇ ಫ್ರೆಟ್, ಗ 4, ಮ 5, ಪ 7, ದ 8, ನಿ 11, ಮೇಲಿನ ಸ 12. ರಿ ಪಕ್ಕದಲ್ಲೇ ಇದೆ, ಗ ಅಷ್ಟು ದೂರ ಅಂತ ಕಣ್ಣಿಗೇ ಕಾಣುತ್ತೆ. ಸರಳೆ ವರಸೆ ನುಡಿಸುತ್ತಾ ಜೊತೆಗೇ ಹಾಡಲಿ. ಕಾರ್ಡ್ ಎಲ್ಲ ಆಮೇಲೆ.

ಮುಕ್ಕಾಲು ಅಳತೆಯ ನೈಲಾನ್ ತಂತಿಯ ಗಿಟಾರ್ ಕೊಡಿಸಿ, ಸಣ್ಣ ಬೆರಳಿಗೆ ನೋವು ಕಡಿಮೆ. ತಂತಿ ಕಿತ್ತಾಗ ಅವಸರಕ್ಕೆ ಸ್ಟೀಲ್ ತಂತಿ ಮಾತ್ರ ಕಟ್ಟಬೇಡಿ. ಅದರ ಎಳೆತ ಜಾಸ್ತಿ, ಬ್ರಿಡ್ಜೇ ಕಿತ್ತು ಬರಬಹುದು.